ಕೈ ಕಟ್ಟಿದ ಕೂಸಿನ ಜೊತೆ ಶೃಂಗೇರಿಗೆ

ಮುತ್ತಿನಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಬಿಸಿಲು ಆಗಲೇ ಏರಿತ್ತು. ಮಲೆನಾಡೆಂದರೆ ಏಪ್ರಿಲ್‌ನಲ್ಲೂ ತಂಪು ಎಂದು ದಾವಣಗೆರೆಯಲ್ಲಿ ಯಾರೋ ಹೇಳಿದ್ದರು. ಹೇಳಿದವರು ಮಲೆನಾಡನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಿರಬೇಕು. ನಮ್ಮೂರಿನ ಬಿಸಿಲು ಸುಡುತ್ತದೆ, ಇಲ್ಲಿಯದು ಬೇಯಿಸುತ್ತದೆ. ವ್ಯತ್ಯಾಸ ಅಷ್ಟೇ.

ನಾನು ದಾವಣಗೆರೆಯಲ್ಲಿ ಟೈಪಿಂಗ್ ಕಲಿಸುವವಳು. ಅಕ್ಕನ ಬಾಣಂತನಕ್ಕೆಂದು ರಜೆ ಹಾಕಿ ಅವಳ ಗಂಡನ ಮನೆಗೆ ಬಂದಿದ್ದೆ. ನಮ್ಮ ತಾಯಿ ಇಲ್ಲವಾದ್ದರಿಂದ ತವರಿನ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರನೆಯ ಮಗು ಹುಟ್ಟಿ ಮನೆ ತುಂಬ ಅರಿಶಿನ, ಬೆಳ್ಳುಳ್ಳಿ, ಹೊಗೆ. ದೊಡ್ಡ ಮಕ್ಕಳಿಬ್ಬರನ್ನು ಕೇಳುವವರಿಲ್ಲ. ಹತ್ತು ವರ್ಷದ ರಾಘು ಬೇಲಿ ಹಾರಿಕೊಂಡು ತಿರುಗುತ್ತಿದ್ದ. ಐದು ವರ್ಷದ ಭಾಗಿ ಮೂಲೆ ಹಿಡಿದು ಕೂತಿದ್ದಳು. "ಪಾಪ, ರಜೆ ಎಲ್ಲ ಹಿಂಗೇ ಹೋಯ್ತು ಸರೋಜ. ಎರಡು ದಿನ ಪೇಟೆ ಸುತ್ತಿಸ್ಕಂಡು ಬರೋಣ. ಪುರ, ಕೊಪ್ಪ, ಶೃಂಗೇರಿ. ಮಕ್ಕಳನ್ನ ಹಿಡ್ಕಳಕ್ಕೆ ನೀನೂ ಬಾ" ಎಂದರು ಭಾವ. ಬಾಣಂತಿಯನ್ನು ಭಾವನ ತಾಯಿಯ ಜೊತೆ ಪಕ್ಕದ ಮನೆಯವರೂ ನೋಡಿಕೊಳ್ಳಲು ಒಪ್ಪಿದ್ದರು. ಪುರವೆಂದರೆ ಇಲ್ಲಿಯವರ ಬಾಯಲ್ಲಿ ನರಸಿಂಹರಾಜಪುರ.

ಸುತ್ತಾಟ ಒಂದು ನೆಪ. ಅಸಲು ಕೆಲಸ ಭಾಗಿಯದು. ಜೂನ್‌ನಲ್ಲಿ ಶಾಲೆಗೆ ಸೇರಿಸಬೇಕು, ಅದಕ್ಕೆ ಮುಂಚೆ ಶೃಂಗೇರಿಯಲ್ಲಿ ಶಾರದಾಂಬೆಯ ಮುಂದೆ ಅಕ್ಷರಾಭ್ಯಾಸ ಆಗಬೇಕು. ಆಗಬೇಕಾದದ್ದು ಬಲಗೈಯಲ್ಲಿ. ತೊಡಕು ಇದ್ದದ್ದು ಅಲ್ಲಿಯೇ, ಏಕೆಂದರೆ ಭಾಗಿ ಎಡಚಿ.

ಭಾವನದು ದಿನಸಿ ಅಂಗಡಿ. ಒಂದು ಬೆಳಿಗ್ಗೆ ಅವರು ಒಳಗೆ ಮೂಟೆ ಬಿಚ್ಚುತ್ತಿದ್ದಾಗ ಮೊದಲ ಗಿರಾಕಿ ಬಂದರಂತೆ. ಗಲ್ಲಾದ ಪಕ್ಕ ಕೂತಿದ್ದ ಭಾಗಿ ಬಹಳ ಜಾಣತನದಿಂದ ಬೆಲ್ಲದ ಪೊಟ್ಟಣ ಎತ್ತಿ ಎಡಗೈಯಲ್ಲಿ ಕೊಟ್ಟಳಂತೆ. "ಬೋಣಿ ಹೊತ್ತಲ್ಲಿ ಎಡಗೈಯಾ!" ಎಂದು ಆ ಗಿರಾಕಿ ಪೊಟ್ಟಣವನ್ನು ಅಲ್ಲೇ ಬಿಟ್ಟು ಎದುರಿನ ಅಂಗಡಿಗೆ ನಡೆದರಂತೆ. ಅಂದು ಸಂಜೆಯೇ ಭಾವನ ತಾಯಿ, ನಾನು ಅತ್ತೆಮ್ಮ ಎನ್ನುವವರು, ಹಳೆಯ ಪಂಚೆಯ ತುಂಡು ಹರಿದು ಕೂಸಿನ ಎಡಗೈಗೆ ಸುತ್ತಿ ಗಂಟು ಹಾಕಿದರು. ಬೆರಳೆಲ್ಲ ಒಳಗೆ, ಹೊರಗೆ ಒಂದು ಬಿಳಿ ಉಂಡೆ. ಮಲಗುವಾಗ ಮಾತ್ರ ಬಿಚ್ಚುವುದು. ಅತ್ತೆಮ್ಮನ ತೀರ್ಪು ಸ್ಪಷ್ಟವಾಗಿತ್ತು. ಶೃಂಗೇರಿಯಲ್ಲಿ ಬಲಗೈಯಲ್ಲಿ ಒಂದಕ್ಷರ ತಾನಾಗಿ ಬರೆದರೆ ಬಟ್ಟೆ ತೆಗೆಯುವುದು. ಇಲ್ಲವಾದರೆ ಶಾಲೆಗೂ ಕಟ್ಟಿಯೇ ಕಳಿಸುವುದು.

ನಾನು ಬಂದಾಗ ಹೀಗೆ ಕಟ್ಟಿ ಹದಿನೈದು ದಿನದ ಮೇಲಾಗಿತ್ತು. ಅಂಗಳದಲ್ಲಿ ಇದ್ದಿಲಿನಿಂದ ಕೋಳಿ, ಬಸ್ಸು, ಅಜ್ಜಿಯ ಮೂಗುತಿ ಎಲ್ಲ ಬರೆಯುತ್ತಿದ್ದ ಹುಡುಗಿ ಈಗ ಏನೂ ಬರೆಯುತ್ತಿರಲಿಲ್ಲ. ಊಟವೂ ಅರ್ಧಕ್ಕರ್ಧ. "ಭಾವ, ಟೈಪಿಂಗಿನಾಗ ಎಡಗೈಗೂ ಬಲಗೈಯಷ್ಟೇ ಕೆಲಸ ಐತ್ರಿ. ಎಡಗೈ ಓಡಂಗಿಲ್ಲ ಅಂದ್ರೆ ನಾನು ಪಾಸೇ ಮಾಡಂಗಿಲ್ಲ" ಎಂದೆ. "ನಿನ್ನ ಮಿಷನ್ನು ಬೇರೆ, ನಮ್ಮ ಅಂಗಡಿ ಬೇರೆ ಮಾರಾಯ್ತಿ. ನಾಳೆ ಗಂಡನ ಮನೇಲಿ ಎಡಗೈಲಿ ಬಡಿಸಿದ್ರೆ ಬೈಸ್ಕಳೋದು ಯಾರು?" ಎಂದು ಭಾವ ಮಾತು ಮುಗಿಸಿದರು. ಅಕ್ಕನ ಗಂಡನ ಮನೆ. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಬಸ್ಸು ಬಂತು. ಪುರಕ್ಕೆ ದೂರ ಹೆಚ್ಚಿಲ್ಲ, ಆದರೆ ಕೈ ಅಡ್ಡ ಹಾಕಿದ ಕಡೆಯೆಲ್ಲ ಬಸ್ಸು ನಿಲ್ಲುತ್ತದೆ. ಹಾಲಿನ ಕ್ಯಾನು, ಕೋಳಿ ಬುಟ್ಟಿ, ಬಾಳೆಗೊನೆ ಎಲ್ಲ ಹತ್ತಿದವು. ರಾಘುವಿಗೆ ಅರ್ಧ ಟಿಕೆಟು, ಭಾಗಿ ನನ್ನ ತೊಡೆಯ ಮೇಲೆ ಪುಕ್ಕಟೆ. ಕಂಡಕ್ಟರು ಟಿಕೆಟು ಹರಿಯುತ್ತಾ "ಎಂತ ಆಯ್ತು ಕೂಸಿನ ಕೈಗೆ? ಬೆಂಕಿ ತಾಗ್ತಾ?" ಎಂದು ಕೇಳಿದರು. ಭಾವ ಕಿಟಕಿಯ ಹೊರಗೆ ನೋಡಿದರು. "ಚೇಳು ಕಡ್ದಿದ್ದು" ಎಂದ ರಾಘು, ಕಣ್ಣು ಮಿಟುಕಿಸದೆ. ಕಂಡಕ್ಟರು ಲೊಚಗುಟ್ಟಿ ಮುಂದೆ ಹೋದರು. ಭಾಗಿ ಅಣ್ಣನ ಮುಖವನ್ನೂ ತನ್ನ ಕೈಯನ್ನೂ ಒಂದು ಸಲ ನೋಡಿಕೊಂಡಳು.

ಪುರದಲ್ಲಿ ಮೊದಲು ಹೋದದ್ದು ಬಳೆ ಅಂಗಡಿಗೆ. ಮಕ್ಕಳನ್ನು ಪೇಟೆಗೆ ಕರೆತಂದರೆ ಗಂಡಿಗೆ ಬತ್ತಾಸು, ಹೆಣ್ಣಿಗೆ ಬಳೆ ಎಂಬುದು ಆ ಮನೆಯ ರೂಢಿ. ಅಂಗಡಿಯ ಖಾದರ್ ಸಾಹೇಬರು ಭಾವನಿಗೆ ಹಳೆಯ ಗುರುತು. ಅವರು ಹಸಿರು ಗಾಜಿನ ಬಳೆ ತೆಗೆದು ಭಾಗಿಯ ಬಲಗೈ ಹಿಡಿದರು. ಆಮೇಲೆ ಇನ್ನೊಂದು ಕೈಗೆಂದು ನೋಡಿದರೆ ಬಿಳಿ ಉಂಡೆ.

"ನಾಯಿ ಕಚ್ಚಿದ್ದು" ಎಂದ ರಾಘು.

"ಸುಮ್ನಿರಾ" ಎಂದು ಗದರಿ ಭಾವ ನಿಜ ಹೇಳಿದರು. "ಒಂದೇ ಕೈಗೆ ತೊಡಿಸಿ ಸಾಹೇಬ್ರೆ, ಸಾಕು."

ಸಾಹೇಬರು ಕೈಲಿದ್ದ ಬಳೆಗಳನ್ನು ಕೆಳಗಿಟ್ಟರು. "ಒಂದು ಕೈಗೆ ಬಳೆ ಇಟ್ಟು ಹೆಣ್ಣು ಕೂಸನ್ನ ಅಂಗಡಿಯಿಂದ ಕಳ್ಸಕ್ಕಾಗಲ್ಲ ಮಾರಾಯ್ರೆ. ಅದು ಒಳ್ಳೇದಲ್ಲ. ಬಿಚ್ಚಿ."

ಶುಭ ಅಶುಭದ ಮಾತು ಬಂದ ಮೇಲೆ ಭಾವ ತಲೆ ಬಾಗಲೇಬೇಕಲ್ಲ! ಬಟ್ಟೆ ಬಿಚ್ಚಿದರು. ಅಂಗೈ ನೀರಿನಲ್ಲಿ ನೆನೆದಂತೆ ಬಿಳುಚಿ ಸುಕ್ಕುಗಟ್ಟಿತ್ತು. ಭಾಗಿ ಬೆರಳುಗಳನ್ನು ಒಮ್ಮೆ ಮಡಿಸಿ ಬಿಡಿಸಿ ಮಾಡಿದಳು. ಸಾಹೇಬರು ಮೆಲ್ಲಗೆ ಒತ್ತಿ ಬಳೆ ಏರಿಸುತ್ತಾ "ನಮ್ಮ ಮನೇಲೂ ಊಟಕ್ಕೆ ಬಲಗೈ ಅಂತ ಮಕ್ಕಳಿಗೆ ಹೇಳ್ತೀವಿ. ಹೇಳ್ತೀವಿ, ಕಟ್ಟಲ್ಲ" ಎಂದರು. ಭಾವ, ಬಳೆ ತೊಡಿಸಿ ಆದ ಕೂಡಲೇ, ಬಳೆಗೆ ತಾಗದ ಹಾಗೆ, ಮತ್ತೆ ಕಟ್ಟಿದರು. ಎರಡು ಕೈ ಸೇರಿಸಿ ಬಳೆ ಕುಲುಕಿಸಲು ಹೊರಟಿದ್ದ ಹುಡುಗಿ ಅಲ್ಲಿಗೇ ನಿಂತಳು. ನನಗೆ ಆ ಕ್ಷಣ ಭಾವನನ್ನು ನಾಲ್ಕು ಬೈಯಬೇಕೆನಿಸಿತು.

ಮಧ್ಯಾಹ್ನಕ್ಕೆ ಮುಂಚೆ ಭದ್ರಾ ಹಿನ್ನೀರು ನೋಡಲು ನಡೆದೆವು. ಬೇಸಿಗೆಯಾದ್ದರಿಂದ ನೀರು ಬಹಳ ಹಿಂದೆ ಸರಿದಿತ್ತು. ಮುಳುಗಿದ್ದ ಮರಗಳ ಬೊಡ್ಡೆಗಳು ಕೆಸರಿನಲ್ಲಿ ಎದ್ದು ನಿಂತಿದ್ದವು. ಹಿಂದೆ ತರೀಕೆರೆಯಿಂದ ಪುಟ್ಟ ರೈಲು ಈ ಊರಿಗೆ ಬರುತ್ತಿತ್ತಂತೆ, ಅಣೆಕಟ್ಟು ಕಟ್ಟಿದ ಮೇಲೆ ಅದರ ದಾರಿ ನೀರಿನಲ್ಲಿ ಹೋಯಿತಂತೆ. ರಾಘುವಿಗೆ ಈ ಸುದ್ದಿ ಸಿಕ್ಕಿದ್ದೇ ತಡ, ನೀರಿನೊಳಗೆ ಎಂಜಿನ್ ಇನ್ನೂ ಇದೆಯೇ, ಡ್ರೈವರು ಈಜಿ ಬಂದರೇ ಎಂದು ಪ್ರಾಣ ತಿಂದ. ಆಮೇಲೆ ಅವನು ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯತೊಡಗಿದ. ಭಾಗಿಯೂ ಒಂದು ಕಲ್ಲು ಎತ್ತಿಕೊಂಡಳು. ಬಲಗೈಯಲ್ಲಿ ಎಸೆದದ್ದು ಅವಳ ಕಾಲ ಬುಡದಲ್ಲೇ ಬಿತ್ತು. ಎರಡನೆಯದೂ ಅಷ್ಟೇ. ಮೂರನೆಯದನ್ನು ಎತ್ತಲು ಅವಳು ಹೋಗಲಿಲ್ಲ.

ಕೊಪ್ಪದ ಬಸ್ಸು ಏರುತ್ತಾ ಇಳಿಯುತ್ತಾ ಸಾಗಿತು. ತಿರುವುಗಳಲ್ಲಿ ರಾಘುವಿಗೆ ವಾಂತಿ ಬಂತು. ಬತ್ತಾಸು ಎಲ್ಲ ಕಿಟಕಿಯಾಚೆ ಹೋದ ಮೇಲೆ ಅವನು ಗೆಲುವಾದ. ಕೊಪ್ಪದ ಪೇಟೆ ಚಿಕ್ಕದಾದರೂ ಚುರುಕು. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಅಂಚು ಗರಿಗರಿ, ಚಟ್ನಿಯಲ್ಲಿ ಕಾಯಿ ಧಾರಾಳ. ದಾವಣಗೆರೆಯ ಬೆಣ್ಣೆ ದೋಸೆಗೆ ಸಮ ಎಂದು ನಾನು ಹೇಳಲಾರೆ, ಹೇಳಿದರೆ ಊರಿಗೆ ಸೇರಿಸುವುದಿಲ್ಲ. ಭಾಗಿ ಬಲಗೈಯಲ್ಲಿ ದೋಸೆ ಮುರಿಯಲು ಹೆಣಗಿ, ತಟ್ಟೆ ಜಾರಿಸಿ, ಕೊನೆಗೆ "ಸಾಕು" ಎಂದಳು. ಭಾವ ಅವಳ ತಟ್ಟೆ ಎಳೆದುಕೊಂಡು ತುಂಡು ಮಾಡಿ ಬಾಯಿಗಿಟ್ಟರು. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದು ಯಾರೂ ತಿಳಿಯಬಾರದು. ಹೆಗಲ ಮೇಲೆ ಹೊತ್ತು ತಿರುಗಿದವರು ಅವರೇ, ಗೋಲಿ ಸೋಡದ ಬಾಟಲಿ ಹಿಡಿದು ಕುಡಿಸಿದವರೂ ಅವರೇ. ಕಟ್ಟಿದ್ದೂ ಅವರ ಒಪ್ಪಿಗೆಯಿಂದಲೇ. ಮನುಷ್ಯರು ಹೀಗೂ ಇರುತ್ತಾರೆ.

ಉಳಿದುಕೊಂಡದ್ದು ಭಾವನ ಸೋದರತ್ತೆಯ ಮನೆಯಲ್ಲಿ. ಆಕೆ ಕೂಸಿನ ಕೈ ನೋಡಿ "ಓ, ಕಟ್ಟಿದೀರಾ? ಒಳ್ಳೇದಾಯ್ತು" ಎಂದು ಭಾವನ ಮುಖ ನೋಡಿ ಯಾಕೋ ನಕ್ಕರು. ಭಾವ ನಗಲಿಲ್ಲ. ಸಂಜೆ ಮಕ್ಕಳನ್ನು ಟೆಂಟ್ ಸಿನಿಮಾಕ್ಕೆ ಕರೆದುಕೊಂಡು ಹೋದೆವು. ನೆಲದ ಟಿಕೆಟು ತೆಗೆದು ಮರಳಿನ ಮೇಲೆ ಕಾಲು ಚಾಚಿ ಕೂತೆವು. ಶೇಂಗಾ ಸಿಪ್ಪೆ, ಬೀಡಿ ಹೊಗೆ, ಮಧ್ಯೆ ಎರಡು ಸಲ ರೀಲು ತುಂಡಾಯಿತು. ನಾಯಕ ಕುದುರೆ ಏರಿ ಬಂದಾಗ ಟೆಂಟಿಗೆ ಟೆಂಟೇ ಚಪ್ಪಾಳೆ. ರಾಘು ಎದ್ದು ನಿಂತು ಶಿಳ್ಳೆ ಹೊಡೆದ. ನನ್ನ ಪಕ್ಕದಲ್ಲಿದ್ದ ಭಾಗಿ ಬಲಗೈ ಎತ್ತಿದಳು, ಎಡಗೈ ಉಂಡೆಯನ್ನು ನೋಡಿದಳು, ಆಮೇಲೆ ನನ್ನ ಮೊಣಕಾಲಿನ ಮೇಲೆ ಪಟಪಟ ಹೊಡೆದಳು. ಅದೇ ಅವಳ ಚಪ್ಪಾಳೆ. ನನ್ನ ಕಣ್ಣಲ್ಲಿ ನೀರು ಬಂತು. ಕತ್ತಲಿದ್ದದ್ದು ಅನುಕೂಲವಾಯಿತು.

ಮರುದಿನ ಮೊದಲ ಬಸ್ಸಿಗೇ ಹೊರಟೆವು. ಹರಿಹರಪುರ ದಾಟಿದ ಮೇಲೆ ತುಂಗೆ ಆಗಾಗ ಮರಗಳ ಸಂದಿನಲ್ಲಿ ಕಾಣಿಸಿಕೊಂಡಳು. ಪಕ್ಕದಲ್ಲಿ ಕೂತಿದ್ದ ಅಡ್ಡಗದ್ದೆಯ ಹೆಂಗಸು ಕೇಳುವ ಮೊದಲೇ ರಾಘು "ಹಲಸಿನ ಮರದಿಂದ ಬಿದ್ದದ್ದು" ಎಂದುಬಿಟ್ಟ. ಆಕೆ ಮರುಗಿ ಭಾಗಿಗೆ ಒಂದು ಪೇರಲೆಹಣ್ಣು ಕೊಟ್ಟರು. ಭಾಗಿ ಹಣ್ಣನ್ನು ಬಲಗೈಯಲ್ಲೇ ತೆಗೆದುಕೊಂಡಳು. ಭಾವನ ಮುಖದಲ್ಲಿ ಸಣ್ಣ ಆಸೆ ಮೂಡಿತು. "ನೋಡಿದ್ಯಾ ಸರೋಜ, ಬತ್ತಾ ಉಂಟು ಅಭ್ಯಾಸ" ಎಂದರು. ಇನ್ನೊಂದು ಕೈ ಇದ್ದರಲ್ಲವೇ ಬೇರೆ ಕೈಯಲ್ಲಿ ತೆಗೆದುಕೊಳ್ಳುವುದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಶೃಂಗೇರಿಯಲ್ಲಿ ಸ್ನಾನ ಮುಗಿಸಿ ದೇವಸ್ಥಾನಕ್ಕೆ ಹೋದಾಗ ನಮ್ಮಂತೆಯೇ ಮಕ್ಕಳನ್ನು ಕರೆತಂದವರು ಸಾಲಾಗಿ ಕೂತಿದ್ದರು. ಒಬ್ಬನಿಗೆ ನಿದ್ದೆ, ಒಬ್ಬಳಿಗೆ ಅಳು, ಒಬ್ಬ ತಟ್ಟೆಯ ಅಕ್ಕಿಯನ್ನೇ ಮುಕ್ಕುತ್ತಿದ್ದ. ಭಾಗಿಯ ಸರದಿ ಬಂತು. ಭಾವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಟ್ಟಿದ ಕೈಯನ್ನು ಅವಳ ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟರು. ಬಲಗೈ ಬೆರಳು ಹಿಡಿದು ಅಕ್ಕಿಯ ಮೇಲೆ ಓಂ ಬರೆಸಿದರು, ಅ ಬರೆಸಿದರು. ಬರೆದದ್ದು ಭಾವನ ಕೈ. ಭಾಗಿಯ ಬೆರಳು ಕಡ್ಡಿಯ ಹಾಗೆ ಅವರ ಕೈಯಲ್ಲಿ ಇತ್ತು, ಅಷ್ಟೇ.

"ಎಲ್ಲಿ, ಈಗ ನೀನೇ ಒಂದು ಅ ಬರಿ ನೋಡೋಣ ಪುಟ್ಟಿ" ಎಂದರು ಪುರೋಹಿತರು, ನಗುನಗುತ್ತಾ.

ಭಾವ ಬೆರಳು ಬಿಟ್ಟರು. ಬಲಗೈ ಅಕ್ಕಿಯ ಮೇಲೆ ಸುಮ್ಮನೆ ಬಿದ್ದಿತ್ತು. ಭಾವ ಕಿವಿಯಲ್ಲಿ "ಬರಿ ಕೂಸೇ. ಒಂದೇ ಒಂದು. ಬರೆದ್ರೆ ಬಿಚ್ಚುದೇ" ಎಂದು ಬೇಡಿಕೊಂಡರು. ಭಾಗಿ ತಲೆ ತಗ್ಗಿಸಿದಳು. ಲಂಗದ ಮಡಿಕೆಯೊಳಗೆ ಉಂಡೆ ಮಿಸುಕಾಡುವುದು ನನಗೆ ಕಾಣುತ್ತಿತ್ತು. ಅವಳ ಕಣ್ಣಿನಿಂದ ಎರಡು ಹನಿ ಅಕ್ಕಿಯ ಮೇಲೆ ಬಿದ್ದವು. "ಪರವಾಗಿಲ್ಲ, ಇನ್ನೂ ಸಣ್ಣದು. ಬರ್ತದೆ" ಎಂದು ಪುರೋಹಿತರು ಹರಸಿ ಹೂವು ಕೊಟ್ಟರು. ಅವರಿಗೆ ಕೈಯ ಸಂಗತಿ ಗೊತ್ತೇ ಇರಲಿಲ್ಲ. ಭಾವ ಮಗಳನ್ನು ಎತ್ತಿಕೊಂಡು ಹೊರಗೆ ಬಂದರು. ಜೂನ್‌ನಲ್ಲಿ ಬಿಳಿ ಉಂಡೆ ಶಾಲೆಗೆ ಹೋಗುವುದು ಖಾತ್ರಿಯಾದಂತಾಯಿತು.

ವಿದ್ಯಾಶಂಕರ ದೇವಾಲಯದಲ್ಲಿ ರಾಘುವಿಗೆ ಸಂಭ್ರಮ. ಅಲ್ಲಿಯ ಕಂಬಗಳಲ್ಲಿ ಕಲ್ಲಿನ ಸಿಂಹಗಳಿವೆ, ಸಿಂಹದ ಬಾಯೊಳಗೆ ಕಲ್ಲಿನ ಗುಂಡು. ಬೆರಳು ತೂರಿಸಿದರೆ ಗುಂಡು ಉರುಳುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ರಾಘು ಅದನ್ನು ಹೊರತೆಗೆಯಲು ನೋಡಿ ಬೈಸಿಕೊಂಡ. ಮಾಮೂಲಿಯಾದರೆ ಭಾಗಿಯೂ ಅವನ ಹಿಂದೆ ಓಡಬೇಕಿತ್ತು. ಅವಳು ಅಪ್ಪನ ಹೆಗಲಿನಿಂದ ಇಳಿಯಲಿಲ್ಲ.

"ಮೀನು ನೋಡೋಣ್ವಾ?" ಎಂದು ಭಾವ ಕೇಳಿದರು. ಆಗ ಮಾತ್ರ ತಲೆ ಆಡಿಸಿದಳು.

ತುಂಗೆಯ ಮೆಟ್ಟಿಲಿನ ಬಳಿ ಮಂಡಕ್ಕಿ ಮಾರುತ್ತಾರೆ. ನಮ್ಮೂರಲ್ಲಿ ಮನುಷ್ಯರು ತಿನ್ನುವಷ್ಟು ಮಂಡಕ್ಕಿ ಇಲ್ಲಿ ಮೀನಿಗೆ ಹೋಗುತ್ತದೆ. ಮೀನುಗಳನ್ನು ಯಾರೂ ಹಿಡಿಯುವುದಿಲ್ಲವಾದ್ದರಿಂದ ಒಂದೊಂದೂ ಮೊಳದುದ್ದ ಬೆಳೆದು, ಬಾಯಿ ತೆರೆದು, ಒಂದರ ಮೇಲೊಂದು ಬಿದ್ದು ಬರುತ್ತವೆ. ಒಗ್ಗರಣೆ ಹಾಕಿಲ್ಲ ಎಂಬ ದೂರು ಕೂಡ ಇಲ್ಲ. ರಾಘು ಒಂದೇ ಸಲಕ್ಕೆ ಪೊಟ್ಟಣ ಸುರಿದು ಇನ್ನೊಂದಕ್ಕೆ ಕೈ ಚಾಚಿದ. ಭಾಗಿ ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಲಗೈ ಹಿಡಿ ತುಂಬ ಮಂಡಕ್ಕಿ ಹಿಡಿದಿದ್ದಳು. ಭಾವ ಅವಳ ಮಗ್ಗುಲಲ್ಲೇ ನಿಂತಿದ್ದರು. ರಾಘು ದುಡ್ಡಿಗೆ ಜಗ್ಗಿದನೆಂದು ಅತ್ತ ತಿರುಗಿದರು. ಅಷ್ಟರಲ್ಲಿ ಒಂದು ಭಾರಿ ಮೀನು ಮೆಟ್ಟಿಲಿನವರೆಗೂ ಬಂತು. ಭಾಗಿ ಬಾಗಿದಳು. ಪಾಚಿ.

ಅವಳು ಜಾರಿದ್ದನ್ನು ನಾನು ಮೇಲಿನ ಮೆಟ್ಟಿಲಿನಿಂದ ನೋಡಿದೆ. ಎಡಗೈ ಮೆಟ್ಟಿಲಿನ ಅಂಚಿಗೆ ಚಾಚಿತು. ಹಿಡಿಯಲು ಬೆರಳಿರಲಿಲ್ಲ. ಉಂಡೆ ಕಲ್ಲಿನ ಮೇಲೆ ಸವರಿಕೊಂಡು ಹೋಯಿತು, ಹುಡುಗಿ ಎದೆಯವರೆಗೆ ನೀರಿಗಿಳಿದಳು. ನಾನು ಕಿರುಚಿದೆನಂತೆ. ಭಾವ ತಿರುಗಿದವರೇ ಮೆಟ್ಟಿಲಿಗೆ ಬಿದ್ದು ಅವಳ ರಟ್ಟೆಗೆ ಕೈ ಹಾಕಿ ಎಳೆದುಕೊಂಡರು. ಅವರು ಹಾಕಿದ್ದು ಎಡಗೈ. ಅವರ ಬಲಗೈಯೇ ಅವಳಿಗೆ ಹತ್ತಿರವಿತ್ತು, ಆದರೂ ಎಡಗೈಯೇ ಮುಂದೆ ಹೋಗಿತ್ತು.

ಸುತ್ತ ಜನ ಸೇರಿದರು, ಬೈದರು, ಉಪಚಾರ ಹೇಳಿದರು, ಚದುರಿದರು. ಭಾಗಿ ಕೆಮ್ಮಿ, ಅತ್ತು, ಸುಮ್ಮನಾದಳು. ಭಾವ ಮೆಟ್ಟಿಲ ಮೇಲೆ ಅವಳನ್ನು ಮಡಿಲಲ್ಲಿಟ್ಟುಕೊಂಡು ಗಂಟು ಬಿಚ್ಚಲು ಹೊರಟರು. ಒದ್ದೆಯಾಗಿ ಗಂಟು ಬಿಗಿದಿತ್ತು. ಉಗುರಿನಿಂದ ಆಗದೆ ಹಲ್ಲಿನಿಂದ ಕಚ್ಚಿ ಎಳೆದು ಹರಿದರು. ಕೂಸಿನ ಅಂಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಕೂತರು.

"ಹಿಡ್ಕಳಕ್ಕೆ ಕೈಯೇ ಇರ್ಲಿಲ್ಲ ಸರೋಜ ಕೂಸಿಗೆ" ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು, ಅದು ತುಂಗೆಯ ನೀರಲ್ಲ.

ಬಿಸಿಲಿಗೆ ಬಟ್ಟೆ ಒಣಗುವವರೆಗೆ ಮೇಲಿನ ಮೆಟ್ಟಿಲಲ್ಲಿ ಕೂತೆವು. ಭಾಗಿ ಎಡಗೈಯಲ್ಲಿ ಮಂಡಕ್ಕಿ ಎಸೆದಳು. ದೂರ ಬಿತ್ತು. ಇನ್ನಷ್ಟು ದೂರ ಎಸೆದಳು. ಪೊಟ್ಟಣ ಖಾಲಿಯಾದ ಮೇಲೆ ಲಂಗದಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಬೆರಳದ್ದಿ ಕಲ್ಲಿನ ಮೇಲೆ ಏನೋ ಗೀಚತೊಡಗಿದಳು. ಮೀನಿರಬೇಕೆಂದು ನಾನು ತಿಳಿದೆ. ಬಗ್ಗಿ ನೋಡಿದರೆ ಅ. ಬೆಳಿಗ್ಗೆ ಅಕ್ಕಿಯಲ್ಲಿ ಕಂಡದ್ದು. ತಿರುಗುಮುರುಗಾಗಿತ್ತು ನಿಜ, ಕನ್ನಡಿ ಹಿಡಿದರೆ ಸರಿಯಾಗಿ ಕಾಣುತ್ತಿತ್ತು. ಕಲ್ಲು ಕಾದಿದ್ದರಿಂದ ಬರೆದದ್ದು ಆರಿಹೋಯಿತು. ಅವಳು ಮತ್ತೆ ಬರೆದಳು. "ಅಪ್ಪಾ, ಬೇಗ ನೋಡು, ಹೋತು!" ಎಂದು ಕೂಗಿದಳು. ಎರಡು ದಿನದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಭಾವ ನೋಡಿದರು. ತಿದ್ದಲು ಹೋಗಲಿಲ್ಲ.

ಮಠದ ಊಟ ಚೆನ್ನಾಗಿತ್ತು. ಅನ್ನ, ಬಿಸಿ ಸಾರು, ಹುಳಿ, ಪಾಯಸ, ನೀರು ಮಜ್ಜಿಗೆ. ಉದ್ದಕ್ಕೂ ಪಂಕ್ತಿ, ಬಡಿಸುವವರ ಓಡಾಟ. ಭಾಗಿ ಎಡಗೈಯಲ್ಲಿ ಕಲಸಿ ಎಡಗೈಯಲ್ಲೇ ಉಂಡಳು. ಎದುರು ಸಾಲಿನ ಅಜ್ಜಿಯೊಬ್ಬರು ಇದನ್ನು ನೋಡಿ ಅನ್ನ ಕಲಸುವುದನ್ನೇ ನಿಲ್ಲಿಸಿದರು.

"ದೇವಸ್ಥಾನದಲ್ಲಿ ಎಡಗೈಲಿ ಉಣ್ತದಲ್ಲ ಆ ಕೂಸು! ಹೇಳೋರು ಕೇಳೋರು ಯಾರೂ ಇಲ್ವಾ ಅದಕ್ಕೆ?"

ನನ್ನ ನಾಲಿಗೆ ಸಿದ್ಧವಾಗಿತ್ತು. ಅದಕ್ಕೆ ಮೊದಲೇ ಭಾವ ತಲೆಯೆತ್ತಿ "ನಾನೇ ಹೇಳಿದ್ದು ಅಜ್ಜೀ" ಎಂದರು. ಅಜ್ಜಿ ಮತ್ತೆ ಅನ್ನ ಕಲಸತೊಡಗಿದರು. ಭಾಗಿ ಬಡಿಸುವವರನ್ನು ಕರೆದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡಳು.

ಹಿಂದಿರುಗುವ ದಾರಿ ಬೇಗ ಸಾಗಿತು. ಕೊಪ್ಪದಲ್ಲಿ ಬಸ್ಸು ಬದಲಿಸಿದೆವು, ಪುರದಲ್ಲಿ ಇನ್ನೊಮ್ಮೆ. ನಡುವೆ ಎಲ್ಲೋ ನಾಲ್ಕು ಹನಿ ಮಳೆ ಬಂದು ಮಣ್ಣಿನ ವಾಸನೆ ಎಬ್ಬಿಸಿ ಹೋಯಿತು. ಕೂಸಿನ ಕೈಗೆ ಏನಾಯಿತೆಂದು ಕೇಳುವವರು ಈಗ ಯಾರೂ ಇರಲಿಲ್ಲ. ರಾಘುವಿಗೆ ಕೆಲಸವಿಲ್ಲದೆ ನಿದ್ದೆ ಬಂತು. ಮನೆಯಲ್ಲಿ ತಾಯಿಗೆ ಏನು ಹೇಳಬೇಕೆಂದು ಭಾವ, ಏನು ಹೇಳುತ್ತಾರೋ ಎಂದು ನಾನು, ಇಬ್ಬರೂ ಒಂದೇ ಚಿಂತೆಯಲ್ಲಿ ಇದ್ದೆವು.

ಮುತ್ತಿನಕೊಪ್ಪ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತೆಮ್ಮ ಬಾಗಿಲಲ್ಲೇ ನಿಂತಿದ್ದರು. ಭಾವನ ಹೆಗಲ ಮೇಲೆ ನಿದ್ದೆ ಹೋಗಿದ್ದ ಭಾಗಿಯ ಎರಡೂ ಕೈ ಕಟ್ಟಿಲ್ಲದೆ ಅಪ್ಪನ ಬೆನ್ನಿನ ಮೇಲೆ ಇಳಿಬಿದ್ದಿದ್ದವು. ಅತ್ತೆಮ್ಮನ ಮುಖ ಅರಳಿತು.

"ಬರೆದಳಾ?"

"ಬರೆದಳು" ಎಂದರು ಭಾವ.

"ಯಾವ ಕೈಲಿ?"

"ಅವಳ ಕೈಲಿ."

ಅತ್ತೆಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟಿಗಿಂತ ಹೆಚ್ಚು ಕಂಡದ್ದು ಬೆರಗು. "ನಿಂಗೂ ಹಿಂಗೇ ಕಟ್ಟಿದ್ನಲ್ಲ ಮಾಣಿ. ಎರಡು ಮಳೆಗಾಲ ಕಟ್ಟಿದ್ದೆ. ನೀನು ಸರಿಯಾಗ್ಲಿಲ್ವಾ?" ಎಂದು ಕೇಳಿದರು.

ಭಾವ ಮಗಳನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದುಕೊಂಡರು.

"ಆದೆ ಅಮ್ಮಾ. ಅದ್ಕೇ ಇವಳಿಗೆ ಬೇಡ."

ಅತ್ತೆಮ್ಮ ಮಗನ ಕೈಗಳನ್ನು ನೋಡಿದರು. ಆಮೇಲೆ ಬಾಗಿಲಿನಿಂದ ಸರಿದು ನಿಂತರು.